ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ಹ್ಯಾಂಡಿಕ್ಯಾಪ್ ಓಟದ ಗುಟ್ಟೇನು?

“ಇಂಗ್ಲೆಂಡಿನ ರಾಜ ಏಳನೇ ಹೆನ್ರಿ ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಬೀದಿಯಲ್ಲಿ ಟೋಪಿ ಹಿಡಿದು ಭಿಕ್ಷೆ ಬೇಡಲು ಅನುಮತಿ ಕೊಟ್ಟ. ಕೈಯಲ್ಲಿ ಕ್ಯಾಪ್, ಅದೇ ಹ್ಯಾಂಡಿಕ್ಯಾಪ್!” ಇಂಥ ಅರ್ಥದ ಸಂದೇಶವೊಂದು ಬಹಳ ವರ್ಷಗಳಿಂದ ಹರಿದಾಡುತ್ತಿದೆ. ಮೊದಲು ಇಮೇಲ್‌ನಲ್ಲಿ ಬರುತ್ತಿತ್ತು, ಈಗ ವಾಟ್ಸಾಪ್‌ನಲ್ಲಿ ಬರುತ್ತಿದೆ. ಓದಿದರೆ ಮನಸ್ಸಿಗೆ ತಟ್ಟುವ ಕಥೆ. ಆದರೆ ನಿಜವಲ್ಲ.

ಪದದ ಹುಟ್ಟು ತಪ್ಪಾಗಿ ಗೊತ್ತಿದ್ದರೆ ನಷ್ಟವೇನು ಎಂದು ಕೇಳಬಹುದು. ನಷ್ಟ ಇದೆ. ಊರಿನ ಓಟದ ಗುಂಪೊಂದು “ಭಾನುವಾರ ಹ್ಯಾಂಡಿಕ್ಯಾಪ್ ರನ್ ಇದೆ, ಎಲ್ಲರೂ ಬನ್ನಿ” ಎಂದು ಸಂದೇಶ ಹಾಕಿದರೆ, ಕೆಲವರು ಅದು ಅಂಗವಿಕಲರಿಗೆ ಮಾತ್ರ ಎಂದುಕೊಳ್ಳುತ್ತಾರೆ. ಇನ್ನು ಕೆಲವರು ಅದು ನಿಧಾನವಾಗಿ ಓಡುವವರಿಗೆ ತೋರಿಸುವ ಕನಿಕರ ಎಂದುಕೊಳ್ಳುತ್ತಾರೆ. ಎರಡೂ ಅಲ್ಲ. ಅದು ಇಪ್ಪತ್ತರ ಹುಡುಗನೂ ಅರವತ್ತರ ಹಿರಿಯರೂ ಒಂದೇ ಪಂದ್ಯದಲ್ಲಿ ನಿಜವಾಗಿ ಸೆಣಸಲು ಮಾಡಿಕೊಂಡ ಲೆಕ್ಕಾಚಾರ. ಆ ಲೆಕ್ಕ ಹೇಗೆ, ಅದು ಎಲ್ಲಿ ಸರಿ, ಎಲ್ಲಿ ತಪ್ಪುತ್ತದೆ ಎಂದು ಈಗ ನೋಡೋಣ.

ಟೋಪಿ ಇದ್ದದ್ದು ನಿಜ, ಭಿಕ್ಷೆ ಇರಲಿಲ್ಲ

ಹ್ಯಾಂಡಿಕ್ಯಾಪ್ ಪದ ಬಂದದ್ದು “ಟೋಪಿಯೊಳಗೆ ಕೈ” ಎಂಬ ಅರ್ಥದಿಂದ. ಅದು 17ನೇ ಶತಮಾನದ ಇಂಗ್ಲೆಂಡಿನಲ್ಲಿದ್ದ ಒಂದು ವಿನಿಮಯದ ಆಟ. ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಲಂಡನ್ನಿನ ಅಧಿಕಾರಿ 1660ರ ಸೆಪ್ಟೆಂಬರ್‌ನಲ್ಲಿ ತನ್ನ ದಿನಚರಿಯಲ್ಲಿ ಈ ಆಟದ ಹೆಸರು ಬರೆದಿದ್ದಾನೆ.

ಆಟ ಹೀಗಿತ್ತು. ಒಬ್ಬನ ಹತ್ತಿರ ಒಂದು ಗಡಿಯಾರ, ಇನ್ನೊಬ್ಬನ ಹತ್ತಿರ ಒಂದು ಕೋಟು. ಇಬ್ಬರಿಗೂ ಅದಲುಬದಲು ಮಾಡಿಕೊಳ್ಳುವ ಆಸೆ. ಆದರೆ ಎರಡರ ಬೆಲೆ ಒಂದೇ ಅಲ್ಲ. ಆಗ ಮೂರನೆಯವನೊಬ್ಬ ಪಂಚನಾಗಿ ಕೂತು, “ಕೋಟಿನವನು ಮೇಲೆ ಇಷ್ಟು ಹಣ ಕೊಡಲಿ, ಆಗ ಸಮ” ಎಂದು ಹೇಳುತ್ತಿದ್ದ. ಮೂವರೂ ಟೋಪಿಗೆ ಸ್ವಲ್ಪ ಪಣದ ಹಣ ಹಾಕುತ್ತಿದ್ದರು. ವ್ಯಾಪಾರಕ್ಕೆ ಕೂತ ಇಬ್ಬರೂ ಟೋಪಿಯೊಳಗೆ ಕೈ ಹಾಕಿ ಒಟ್ಟಿಗೆ ಹೊರತೆಗೆದು, ಒಪ್ಪಿಗೆ ಇದೆಯೋ ಇಲ್ಲವೋ ಎಂದು ತೋರಿಸುತ್ತಿದ್ದರು. ಇಬ್ಬರ ಉತ್ತರವೂ ಒಂದೇ ಆದರೆ ಪಣ ಪಂಚನಿಗೆ. ಒಬ್ಬನೇ ಒಪ್ಪಿದರೆ ಪಣ ಒಪ್ಪಿದವನಿಗೆ.

ನಮ್ಮ ಕಡೆಯ ದನಗಳ ಜಾತ್ರೆ ನೋಡಿದವರಿಗೆ ಇದು ಹೊಸದೆನಿಸುವುದಿಲ್ಲ. ಟವೆಲ್ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಮಾತಾಡುವ ದಲ್ಲಾಳಿಗಳನ್ನು ನೀವು ಕಂಡಿರಬಹುದು. ಅಲ್ಲಿ ಟವೆಲ್, ಇಲ್ಲಿ ಟೋಪಿ. ಪದ್ಧತಿ ಬೇರೆ ಬೇರೆಯಾದರೂ ಎರಡು ಕಡೆಯೂ ಕೈ ಮುಚ್ಚಿಕೊಂಡೇ ವ್ಯಾಪಾರ ಕುದುರುತ್ತದೆ.

ಇಲ್ಲಿ ಮುಖ್ಯವಾದದ್ದು “ಸಮ ಮಾಡುವುದು” ಎಂಬ ವಿಚಾರ. ಅದು 18ನೇ ಶತಮಾನದಲ್ಲಿ ಕುದುರೆ ಓಟಕ್ಕೆ ಬಂತು. ಹ್ಯಾಂಡಿಕ್ಯಾಪ್ ಎಂದರೆ ಬಲವಾದ ಕುದುರೆಗೆ ಹೊರಿಸುವ ಹೆಚ್ಚುವರಿ ಭಾರ. ಅಂದರೆ ಮೂಲದಲ್ಲಿ ಹ್ಯಾಂಡಿಕ್ಯಾಪ್ ಬೀಳುತ್ತಿದ್ದದ್ದು ಬಲಹೀನರ ಮೇಲಲ್ಲ, ಬಲಶಾಲಿಯ ಮೇಲೆ! ದೇಹದ ವೈಕಲ್ಯಕ್ಕೆ ಈ ಪದ ಬಳಸಲು ಶುರುವಾದದ್ದು 20ನೇ ಶತಮಾನದ ಆರಂಭದಲ್ಲಿ. ಏಳನೇ ಹೆನ್ರಿ ಆಳಿದ್ದು 1485ರಿಂದ 1509ರವರೆಗೆ. ಆ ರಾಜನಿಗೂ ಈ ಪದಕ್ಕೂ ಸಂಬಂಧವಿಲ್ಲ. ವ್ಯಕ್ತಿಗಳನ್ನು “ಹ್ಯಾಂಡಿಕ್ಯಾಪ್ಡ್” ಎಂದು ಕರೆಯುವುದನ್ನು ಇಂದು ಸಭ್ಯವೆಂದು ಪರಿಗಣಿಸುವುದಿಲ್ಲ. ಆದರೆ ಕ್ರೀಡೆಯಲ್ಲಿ ಪದದ ಹಳೆಯ ಅರ್ಥ ಹಾಗೇ ಉಳಿದಿದೆ.

ಕುದುರೆಯಿಂದ ಮನುಷ್ಯರ ಓಟಕ್ಕೆ

ಮಾಗಡಿಯಿಂದ ಹೆಚ್ಚು ದೂರವಿಲ್ಲದ ಕುಣಿಗಲ್‌ನಲ್ಲಿ ರೇಸ್ ಕುದುರೆಗಳನ್ನು ಬೆಳೆಸುವ ಹಳೆಯ ಸ್ಟಡ್ ಫಾರ್ಮ್ ಇದೆ. ಅದರ ಚರಿತ್ರೆ ಹೈದರಾಲಿ, ಟಿಪ್ಪು ಕಾಲಕ್ಕೆ ಹೋಗುತ್ತದೆ. ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್‌ಗಳಲ್ಲಿ ಇಂದಿಗೂ ಅನೇಕ ಪಂದ್ಯಗಳು ಹ್ಯಾಂಡಿಕ್ಯಾಪ್ ಪಂದ್ಯಗಳೇ. ಹಿಂದಿನ ಪಂದ್ಯಗಳನ್ನು ನೋಡಿ ಪ್ರತಿ ಕುದುರೆಗೆ ಒಂದು ರೇಟಿಂಗ್ ಕೊಡುತ್ತಾರೆ. ರೇಟಿಂಗ್ ಹೆಚ್ಚಿದ್ದಷ್ಟೂ ಹೊರಬೇಕಾದ ಭಾರ ಹೆಚ್ಚು.

ಮನುಷ್ಯರ ಓಟದಲ್ಲಿ ಭಾರ ಹೊರಿಸುವುದಿಲ್ಲ. ಬದಲಿಗೆ ದೂರ ಅಥವಾ ಸಮಯವನ್ನು ಮುಂಗಡವಾಗಿ ಕೊಡುತ್ತಾರೆ. ಎರಡಕ್ಕೂ ಪ್ರಸಿದ್ಧ ಉದಾಹರಣೆಗಳಿವೆ.

ದೂರದ ಮುಂಗಡಕ್ಕೆ ಆಸ್ಟ್ರೇಲಿಯಾದ ಸ್ಟಾವೆಲ್ ಗಿಫ್ಟ್ ಓಟ ನೋಡಿ. ಚಿನ್ನದ ಗಣಿಗಳಿದ್ದ ಸ್ಟಾವೆಲ್ ಎಂಬ ಊರಿನಲ್ಲಿ 1878ರಲ್ಲಿ ಶುರುವಾದ ಇದು ಈಗಲೂ ಈಸ್ಟರ್ ಸಮಯದಲ್ಲಿ ನಡೆಯುತ್ತದೆ. ಓಟದ ದೂರ 120 ಮೀಟರ್. ಎಲ್ಲರೂ ಒಂದೇ ಗುಂಡಿನ ಸದ್ದಿಗೆ ಹೊರಡುತ್ತಾರೆ. ಆದರೆ ಅತಿ ವೇಗದವರು ಪೂರ್ತಿ 120 ಮೀಟರ್ ಓಡಬೇಕು, ಉಳಿದವರು ಅವರಿಗಿಂತ ಕೆಲವು ಮೀಟರ್ ಮುಂದೆ ನಿಂತು ಹೊರಡುತ್ತಾರೆ. ಎಲ್ಲರಿಗಿಂತ ಹಿಂದೆ ನಿಂತು ಗೆಲ್ಲುವುದು ಬಹಳ ಅಪರೂಪ. 2005ರಲ್ಲಿ ಜೋಶ್ ರಾಸ್ ಎಂಬ ಓಟಗಾರ ಅದನ್ನು ಸಾಧಿಸಿದ.

ಸಮಯದ ಮುಂಗಡಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ಡಿಪ್ಸಿ ಓಟವಿದೆ. 1905ರಲ್ಲಿ ಶುರುವಾದ ಈ ಬೆಟ್ಟದ ಓಟ ಸುಮಾರು 12 ಕಿಲೋಮೀಟರ್ ದೂರದ್ದು. ಇಲ್ಲಿ ವಯಸ್ಸು ಮತ್ತು ಲಿಂಗ ನೋಡಿ ಮುಂಗಡ ಸಮಯ ಕೊಡುತ್ತಾರೆ. ಚಿಕ್ಕ ಮಕ್ಕಳು ಮತ್ತು ವಯಸ್ಸಾದವರು ಮೊದಲು ಹೊರಡುತ್ತಾರೆ, ಗಟ್ಟಿಮುಟ್ಟಾದ ಯುವಕರು ಕೊನೆಗೆ ಹೊರಟು ಅವರನ್ನು ಹಿಂದಿಕ್ಕಲು ನೋಡುತ್ತಾರೆ. 2010ರಲ್ಲಿ ಈ ಓಟ ಗೆದ್ದವಳು ರೈಲಿ ಜಾನ್ಸನ್. ಆಗ ಅವಳ ವಯಸ್ಸು 8!

ಒಂದು ಭಾನುವಾರದ ಲೆಕ್ಕ

ಇದನ್ನು ನಮ್ಮ ಊರಿಗೆ ತರೋಣ. ಚನ್ನಪಟ್ಟಣದಲ್ಲಿ ಒಂದು ಓಟದ ಗುಂಪು ಇದೆ ಎಂದು ಅಂದುಕೊಳ್ಳಿ. 5 ಕಿಲೋಮೀಟರ್ ಓಟ, ನಾಲ್ಕು ಜನ. ಕಳೆದ ತಿಂಗಳು ಇದೇ ದಾರಿಯಲ್ಲಿ ಅವರು ತೆಗೆದುಕೊಂಡ ಸಮಯ ಹೀಗಿದೆ:

- ಈಗಷ್ಟೇ ಓಡಲು ಶುರು ಮಾಡಿದ ಗೃಹಿಣಿ (ಸ್ವಲ್ಪ ಓಟ, ಸ್ವಲ್ಪ ನಡಿಗೆ): 45 ನಿಮಿಷ
- 62 ವರ್ಷದ ನಿವೃತ್ತ ಬಸ್ ಕಂಡಕ್ಟರ್: 38 ನಿಮಿಷ
- ಶಾಲೆಯ ಶಿಕ್ಷಕಿ: 30 ನಿಮಿಷ
- ಕಾಲೇಜು ಹುಡುಗ: 20 ನಿಮಿಷ

ನಾಲ್ವರೂ ಒಟ್ಟಿಗೆ ಹೊರಟರೆ ಫಲಿತಾಂಶ ಮೊದಲೇ ಗೊತ್ತು. ಹುಡುಗ ಗೆದ್ದು ಎಳನೀರು ಕುಡಿದು ಮನೆಗೆ ಹೋದ ಮೇಲೆ ಗೃಹಿಣಿ ಬರುತ್ತಾರೆ.

ಹ್ಯಾಂಡಿಕ್ಯಾಪ್ ಓಟದಲ್ಲಿ ಲೆಕ್ಕ ತಿರುಗಿಸುತ್ತಾರೆ. ಎಲ್ಲರೂ ಒಟ್ಟಿಗೆ ಹೊರಡುವ ಬದಲು ಎಲ್ಲರೂ ಒಟ್ಟಿಗೆ ತಲುಪುವಂತೆ ಸಮಯ ಹೊಂದಿಸುತ್ತಾರೆ. ಅತಿ ಹೆಚ್ಚು ಸಮಯ 45 ನಿಮಿಷ. ಗೃಹಿಣಿ 6:30ಕ್ಕೆ ಹೊರಟರೆ 7:15ಕ್ಕೆ ತಲುಪಬೇಕು. ಉಳಿದವರೂ 7:15ಕ್ಕೇ ತಲುಪಬೇಕಾದರೆ ಕಂಡಕ್ಟರ್ 6:37ಕ್ಕೆ, ಶಿಕ್ಷಕಿ 6:45ಕ್ಕೆ, ಹುಡುಗ 6:55ಕ್ಕೆ ಹೊರಡಬೇಕು. ಕಳೆಯುವ ಲೆಕ್ಕ ಬಂದರೆ ಸಾಕು, ಯಾವ ಆ್ಯಪ್ ಕೂಡ ಬೇಡ.

ಎಲ್ಲರೂ ಕಳೆದ ಸಲದಷ್ಟೇ ಓಡಿದರೆ ನಾಲ್ವರೂ ಒಂದೇ ಕ್ಷಣದಲ್ಲಿ ಗೆರೆ ದಾಟುತ್ತಾರೆ. ಆದರೆ ಹಾಗಾಗುವುದಿಲ್ಲ, ಆಟದ ರುಚಿ ಇರುವುದೂ ಅಲ್ಲೇ. ಆ ದಿನ ಅವರು ತೆಗೆದುಕೊಂಡ ಸಮಯ ಹೀಗಿರಲಿ:

- ಗೃಹಿಣಿ 43 ನಿಮಿಷ 10 ಸೆಕೆಂಡ್: ತಲುಪಿದ್ದು 7 ಗಂಟೆ 13 ನಿಮಿಷ 10 ಸೆಕೆಂಡಿಗೆ. ಮೊದಲ ಸ್ಥಾನ.
- ಕಂಡಕ್ಟರ್ 37 ನಿಮಿಷ 40 ಸೆಕೆಂಡ್: 7 ಗಂಟೆ 14 ನಿಮಿಷ 40 ಸೆಕೆಂಡಿಗೆ. ಎರಡನೆಯ ಸ್ಥಾನ.
- ಹುಡುಗ 19 ನಿಮಿಷ 50 ಸೆಕೆಂಡ್: 7 ಗಂಟೆ 14 ನಿಮಿಷ 50 ಸೆಕೆಂಡಿಗೆ. ಮೂರನೆಯ ಸ್ಥಾನ.
- ಶಿಕ್ಷಕಿ 31 ನಿಮಿಷ 5 ಸೆಕೆಂಡ್: 7 ಗಂಟೆ 16 ನಿಮಿಷ 5 ಸೆಕೆಂಡಿಗೆ. ಕೊನೆಯ ಸ್ಥಾನ.

ಹುಡುಗ ಎಲ್ಲರಿಗಿಂತ ವೇಗವಾಗಿಯೇ ಓಡಿದ್ದಾನೆ. ಅದನ್ನು ಯಾರೂ ಕಿತ್ತುಕೊಂಡಿಲ್ಲ. ಆದರೆ ಈ ಪಂದ್ಯ ಕೇಳಿದ ಪ್ರಶ್ನೆ “ಯಾರು ವೇಗ?” ಎಂದಲ್ಲ. “ತನ್ನ ಹಿಂದಿನ ಓಟಕ್ಕಿಂತ ಯಾರು ಹೆಚ್ಚು ಸುಧಾರಿಸಿದರು?” ಎಂದು. ಅದಕ್ಕೆ ಉತ್ತರ ಗೃಹಿಣಿ.

ಹೊಸಬರೇ ಹೆಚ್ಚಾಗಿ ಗೆಲ್ಲುವುದೇಕೆ?

ಇಂಥ ಓಟಗಳಲ್ಲಿ ಹೊಸಬರು ಮತ್ತೆ ಮತ್ತೆ ಗೆಲ್ಲುವುದು ಕಂಡು “ಇದರಲ್ಲೇನೋ ಮೋಸ ಇದೆ” ಎಂದು ಹಳಬರು ಗೊಣಗುವುದುಂಟು. ಮೋಸವಲ್ಲ, ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ದೇಹದ ಕಾರಣ. ಓಡದೇ ಇದ್ದ ದೇಹ ಓಡಲು ಶುರು ಮಾಡಿದಾಗ ಮೊದಲ ಕೆಲವು ವಾರ, ತಿಂಗಳುಗಳಲ್ಲೇ ಬಹಳ ಬದಲಾಗುತ್ತದೆ. ರಕ್ತದ ದ್ರವಭಾಗ ಹೆಚ್ಚುತ್ತದೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ಸ್ನಾಯುಗಳ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಹೆಚ್ಚುತ್ತವೆ. ನರ ಮತ್ತು ಸ್ನಾಯುಗಳ ಹೊಂದಾಣಿಕೆ ಉತ್ತಮವಾಗುತ್ತದೆ. ವರ್ಷಗಳಿಂದ ಓಡುತ್ತಿರುವವರ ದೇಹದಲ್ಲಿ ಈ ಬದಲಾವಣೆಗಳು ಆಗಲೇ ಆಗಿಹೋಗಿರುತ್ತವೆ. ಅವರಿಗೆ 10 ಸೆಕೆಂಡ್ ಕಡಿಮೆ ಮಾಡುವುದೂ ಕಷ್ಟ.

ಎರಡನೆಯದು ಗಣಿತದ ಕಾರಣ. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಎಲ್ಲರೂ ಸಮನಾಗಿ ಶೇ. 2ರಷ್ಟು ಸುಧಾರಿಸಿದರು ಎಂದುಕೊಳ್ಳಿ. 45 ನಿಮಿಷದವರಿಗೆ 54 ಸೆಕೆಂಡ್ ಉಳಿಯುತ್ತದೆ. 20 ನಿಮಿಷದವರಿಗೆ ಉಳಿಯುವುದು 24 ಸೆಕೆಂಡ್ ಮಾತ್ರ. ಸುಧಾರಣೆ ಒಂದೇ ಆದರೂ ಗೆರೆಯ ಹತ್ತಿರ 30 ಸೆಕೆಂಡ್ ಅಂತರ! ಅಂದರೆ ಬರೀ ನಿಮಿಷ ಕಳೆಯುವ ಲೆಕ್ಕ ನಿಧಾನದವರ ಕಡೆಗೆ ಸ್ವಲ್ಪ ವಾಲಿರುತ್ತದೆ. ಇದನ್ನು ಸರಿಪಡಿಸಬೇಕೆಂದರೆ ಪೂರ್ತಿ ವ್ಯತ್ಯಾಸದ ಬದಲು ಅದಕ್ಕಿಂತ ಸ್ವಲ್ಪ ಕಡಿಮೆ ಮುಂಗಡ ಕೊಡಬಹುದು, ಅಥವಾ ಯಾರು ಶೇಕಡಾ ಎಷ್ಟು ಸುಧಾರಿಸಿದರು ಎಂದು ನೋಡಬಹುದು. ನಮ್ಮ ಉದಾಹರಣೆಯಲ್ಲಿ ಗೃಹಿಣಿ ಸುಮಾರು ಶೇ. 4, ಕಂಡಕ್ಟರ್ ಶೇ. 0.9, ಹುಡುಗ ಶೇ. 0.8 ಸುಧಾರಿಸಿದ್ದಾರೆ. ಆ ಲೆಕ್ಕದಲ್ಲೂ ಗೃಹಿಣಿಯ ಗೆಲುವು ಗಟ್ಟಿ.

ಗೆದ್ದವರು ಪ್ರತಿ ಸಲ ಗೆಲ್ಲುತ್ತಾರೆಯೇ? ಇಲ್ಲ. ಮುಂದಿನ ತಿಂಗಳು ಗೃಹಿಣಿಯ ಲೆಕ್ಕ 45ರ ಬದಲು 43 ನಿಮಿಷ 10 ಸೆಕೆಂಡಿನಿಂದ ಶುರುವಾಗುತ್ತದೆ. ಗೆಲುವಿನ ಜೊತೆಗೇ ಅವರ ಮುಂಗಡ ಕರಗುತ್ತದೆ. ಓಡಿದಷ್ಟೂ ಸುಧಾರಣೆಯ ವೇಗ ತಗ್ಗುತ್ತದೆ. ಆಗ ಇನ್ನೊಬ್ಬರ ಸರದಿ.

ವಯಸ್ಸನ್ನು ನೋಡಿ ಲೆಕ್ಕ ಹಾಕಬಹುದೇ?

ಹಿಂದಿನ ಸಮಯ ಗೊತ್ತಿಲ್ಲದವರಿಗೆ ವಯಸ್ಸು ಮತ್ತು ಲಿಂಗ ನೋಡಿ ಲೆಕ್ಕ ಹಾಕಬಹುದು. ಇದಕ್ಕೆ ಆಧಾರವೂ ಇದೆ. 10,000 ಮೀಟರ್ ಓಟದಲ್ಲಿ ಪುರುಷರ ವಿಶ್ವದಾಖಲೆ ಉಗಾಂಡಾದ ಜೋಶುವಾ ಚೆಪ್ಟೆಗೈ 2020ರಲ್ಲಿ ಮಾಡಿದ 26 ನಿಮಿಷ 11 ಸೆಕೆಂಡ್. ಮಹಿಳೆಯರದು ಕೀನ್ಯಾದ ಬಿಯಾಟ್ರಿಸ್ ಚೆಬೆಟ್ 2024ರಲ್ಲಿ ಮಾಡಿದ 28 ನಿಮಿಷ 54 ಸೆಕೆಂಡ್. ವ್ಯತ್ಯಾಸ ಸುಮಾರು ಶೇ. 10. ವಯಸ್ಸಿನ ವಿಷಯಕ್ಕೆ ಬಂದರೆ, ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ 30ರ ನಂತರ ದಶಕಕ್ಕೆ ಸರಿಸುಮಾರು ಶೇ. 10ರಷ್ಟು ಇಳಿಯುತ್ತದೆ. ನಿಯಮಿತವಾಗಿ ವ್ಯಾಯಾಮ ಮಾಡುವವರಲ್ಲಿ ಇಳಿಕೆ ಅದಕ್ಕಿಂತ ನಿಧಾನ.

ಹಿರಿಯರ ಅಥ್ಲೆಟಿಕ್ಸ್ ನೋಡಿಕೊಳ್ಳುವ ವರ್ಲ್ಡ್ ಮಾಸ್ಟರ್ಸ್ ಅಥ್ಲೆಟಿಕ್ಸ್ ಸಂಸ್ಥೆ ಇಂಥ ಅಂಕಿಅಂಶಗಳಿಂದ ಕೋಷ್ಟಕಗಳನ್ನು ಮಾಡಿದೆ. ನಿಮ್ಮ ವಯಸ್ಸು ಮತ್ತು ಲಿಂಗದವರ ಅತ್ಯುತ್ತಮ ಮಟ್ಟದ ಸಮಯವನ್ನು ನಿಮ್ಮ ಸಮಯದಿಂದ ಭಾಗಿಸಿ 100ರಿಂದ ಗುಣಿಸಿದರೆ ನಿಮ್ಮ ಅಂಕ ಬರುತ್ತದೆ. ಉದಾಹರಣೆಗೆ ಅತ್ಯುತ್ತಮ ಮಟ್ಟ 18 ನಿಮಿಷ, ನಿಮ್ಮದು 36 ನಿಮಿಷವಾದರೆ ನಿಮ್ಮ ಅಂಕ ಶೇ. 50.

ಆದರೆ ವಯಸ್ಸು ಸರಾಸರಿಯನ್ನು ಹೇಳುತ್ತದೆ, ನಿಮ್ಮನ್ನಲ್ಲ. ದಿನವಿಡೀ ಕುರ್ಚಿಯಲ್ಲಿ ಕೂರುವ 28ರ ಯುವಕನಿಗಿಂತ ಹೊಲದಲ್ಲಿ ದುಡಿಯುವ 55ರ ರೈತ ಮಹಿಳೆ ಗಟ್ಟಿಯಾಗಿರಬಹುದು. ಹಾಗಾಗಿ ಪರಸ್ಪರ ಗೊತ್ತಿರುವ ಸಣ್ಣ ಗುಂಪಿಗೆ ಅವರವರ ಹಿಂದಿನ ಸಮಯದ ಲೆಕ್ಕವೇ ಹೆಚ್ಚು ನ್ಯಾಯ.

ಲೆಕ್ಕ ಎಲ್ಲಿ ತಪ್ಪುತ್ತದೆ?

ಯಾವ ಹ್ಯಾಂಡಿಕ್ಯಾಪ್ ಲೆಕ್ಕವೂ ಪರಿಪೂರ್ಣವಲ್ಲ. ನಮ್ಮ ಕಡೆ ಇಂಥ ಓಟ ಏರ್ಪಡಿಸುವವರು ಮುಖ್ಯವಾಗಿ ನಾಲ್ಕು ಕಡೆ ಎಚ್ಚರವಹಿಸಬೇಕು.

ಮೊದಲನೆಯದು ದಾರಿ. ಚನ್ನಪಟ್ಟಣದ ಸಮತಟ್ಟು ರಸ್ತೆಯ ಸಮಯ ಇಟ್ಟುಕೊಂಡು ರಾಮನಗರದ ಬಂಡೆ ಬೆಟ್ಟಗಳ ನಡುವಿನ ಏರುದಾರಿಗೋ, ಮಾಗಡಿಯ ಸಾವನದುರ್ಗದ ಸುತ್ತಲಿನ ದಾರಿಗೋ ಮುಂಗಡ ಲೆಕ್ಕ ಹಾಕಿದರೆ ತಪ್ಪುತ್ತದೆ. ಸ್ಕಾಟ್‌ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ನಡೆಯುವವರಿಗೆ ಒಂದು ಸರಳ ನಿಯಮ ಹೇಳಿದ್ದ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 100 ಮೀಟರ್ ಏರಿಗೆ ಸುಮಾರು 10 ನಿಮಿಷ. ಓಡುವವರಿಗೆ ಈ ಅಂಕಿ ಹಾಗೇ ಹೊಂದುವುದಿಲ್ಲ. ಆದರೆ ಏರು ಸಮಯ ತಿನ್ನುತ್ತದೆ ಎಂಬುದಂತೂ ಸತ್ಯ, ಮತ್ತು ಅದು ಎಲ್ಲರಿಂದಲೂ ಒಂದೇ ಪ್ರಮಾಣದಲ್ಲಿ ತಿನ್ನುವುದಿಲ್ಲ. ಯಾವ ದಾರಿಯಲ್ಲಿ ಓಟವೋ ಅದೇ ದಾರಿಯ ಹಳೆಯ ಸಮಯ ಬಳಸಿ.

ಎರಡನೆಯದು ಆ ದಿನದ ಸ್ಥಿತಿ. ಕಳೆದ ತಿಂಗಳು ಜ್ವರದಿಂದ ಎದ್ದು ಓಡಿದವರಿಗೆ ಈ ಸಲ ಸಿಗಬೇಕಾದದ್ದಕ್ಕಿಂತ ಹೆಚ್ಚು ಮುಂಗಡ ಸಿಗುತ್ತದೆ. ಒಂದೇ ಓಟ ನಂಬದೆ ಹಿಂದಿನ ಮೂರು ಓಟಗಳಲ್ಲಿ ಒಳ್ಳೆಯದನ್ನು ತೆಗೆದುಕೊಳ್ಳಿ.

ಮೂರನೆಯದು ಜಾಣತನ. ಈ ತಿಂಗಳು ಬೇಕೆಂದೇ ನಿಧಾನ ಓಡಿ ಮುಂದಿನ ತಿಂಗಳು ಗೆಲ್ಲುವ ಯೋಚನೆ ಯಾರಿಗಾದರೂ ಬರಬಹುದು. ಒಳ್ಳೆಯ ಸಮಯವನ್ನೇ ಲೆಕ್ಕಕ್ಕೆ ಹಿಡಿದರೆ ಈ ದಾರಿಯೂ ಮುಚ್ಚುತ್ತದೆ. ಬಹುಮಾನ ದೊಡ್ಡದಿದ್ದಷ್ಟೂ ಜಾಣತನ ಹೆಚ್ಚು. ಸ್ನೇಹದ ಓಟಕ್ಕೆ ಒಂದು ಲೋಟ ಕಾಫಿಯೋ, ಚನ್ನಪಟ್ಟಣದ ಒಂದು ಮರದ ಬೊಂಬೆಯೋ ಸಾಕು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಹ್ಯಾಂಡಿಕ್ಯಾಪ್ ಓಟದಲ್ಲಿ ಎಲ್ಲರಿಗಿಂತ ಮೊದಲು, ಹೆಚ್ಚಾಗಿ ಒಬ್ಬರೇ ಹೊರಡುವವರು ಯಾರು? ಅತಿ ಹೊಸಬರು ಅಥವಾ ಅತಿ ಹಿರಿಯರು. ನಸುಕಿನಲ್ಲಿ ಓಟ ಇಟ್ಟರೆ ಕತ್ತಲಲ್ಲಿ ಒಂಟಿಯಾಗಿ ರಸ್ತೆಗಿಳಿಯುವುದು ಅವರೇ. ಕನಕಪುರ, ಚನ್ನಪಟ್ಟಣ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಆನೆಗಳ ಓಡಾಟವಿದೆ. ರಾಮನಗರದ ಬೆಟ್ಟಗಳ ಕಡೆ ಕರಡಿ, ಚಿರತೆಗಳಿವೆ. ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ವಾಹನಗಳ ಭಯವಿದೆ. ಹಾಗಾಗಿ ಚೆನ್ನಾಗಿ ಬೆಳಕು ಹರಿದ ಮೇಲೆಯೇ ಮೊದಲ ಓಟಗಾರರನ್ನು ಬಿಡಿ. ಅವರ ಜೊತೆ ಸೈಕಲ್‌ನಲ್ಲಿ ಒಬ್ಬರು ಇರಲಿ.

ಮುಂಗಡ ಸಮಯಕ್ಕೆ ಮಾತ್ರ, ಹೃದಯಕ್ಕಲ್ಲ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ನಿಧನರಾದಾಗ ನಾಡಿಗೆ ನಾಡೇ ಕಂಗೆಟ್ಟಿತು. ಅದರ ಬೆನ್ನಲ್ಲೇ “ವ್ಯಾಯಾಮ ಮಾಡಿದರೆ ಹೃದಯಾಘಾತ” ಎಂಬ ಅರ್ಥದ ಫಾರ್ವರ್ಡ್‌ಗಳು ಹರಿದಾಡಿದವು. ಇದು ಅರ್ಧ ತಿಳಿವಳಿಕೆ.

ಅಮೆರಿಕದಲ್ಲಿ 2000ರಿಂದ 2010ರವರೆಗೆ ಮ್ಯಾರಥಾನ್ ಮತ್ತು ಹಾಫ್ ಮ್ಯಾರಥಾನ್‌ಗಳಲ್ಲಿ ಓಡಿದ ಸುಮಾರು 1 ಕೋಟಿ 9 ಲಕ್ಷ ಜನರ ಮಾಹಿತಿಯನ್ನು ಸಂಶೋಧಕರು ನೋಡಿದರು. ಹೃದಯ ಸ್ತಂಭನವಾದದ್ದು 59 ಮಂದಿಗೆ. ಅಂದರೆ ಸುಮಾರು 1 ಲಕ್ಷ 84 ಸಾವಿರ ಓಟಗಾರರಲ್ಲಿ ಒಬ್ಬರಿಗೆ. ಹಾಗೆ ಕುಸಿದವರಲ್ಲಿ ಹೆಚ್ಚಿನವರಿಗೆ ಮೊದಲೇ ಹೃದಯದ ಕಾಯಿಲೆ ಇತ್ತು. ಅಪಾಯ ಸೊನ್ನೆಯಲ್ಲ, ಆದರೆ ಬಹಳ ಕಡಿಮೆ. ಕೂತೇ ಇರುವುದರಿಂದ ಬರುವ ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು ಹೃದಯಕ್ಕೆ ಮಾಡುವ ಹಾನಿ ಅದಕ್ಕಿಂತ ಬಹಳ ದೊಡ್ಡದು.

ಆದರೂ ಹ್ಯಾಂಡಿಕ್ಯಾಪ್ ಓಟದಲ್ಲಿ ಒಂದು ವಿಶೇಷ ಸೆಳೆತವಿದೆ. ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬರುತ್ತಿರುತ್ತಾರೆ. ಗೆರೆ ಕಾಣುತ್ತಿರುತ್ತದೆ. ಜೀವನದಲ್ಲಿ ಮೊದಲ ಸಲ ಗೆಲ್ಲುವ ಅವಕಾಶ ಕೈಯಳತೆಯಲ್ಲಿರುತ್ತದೆ. ಆಗ ಅಭ್ಯಾಸವಿಲ್ಲದ ವೇಗಕ್ಕೆ ದೇಹವನ್ನು ತಳ್ಳುವ ಆಸೆಯಾಗುತ್ತದೆ. ಪಂದ್ಯದ ಲೆಕ್ಕ ನಿಮ್ಮ ಸಮಯವನ್ನು ಸಮ ಮಾಡಿದೆ. ನಿಮ್ಮ ಹೃದಯವನ್ನು ಇನ್ನೊಬ್ಬರ ಹೃದಯಕ್ಕೆ ಸಮ ಮಾಡಿಲ್ಲ ಎಂಬುದು ನೆನಪಿರಲಿ.

ಆದ್ದರಿಂದ:

- ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದರೆ, ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾದವರಿದ್ದರೆ ಓಡಲು ಶುರು ಮಾಡುವ ಮೊದಲು ವೈದ್ಯರನ್ನು ಕಾಣಿ.
- ಅಭ್ಯಾಸದ ದಿನಗಳಲ್ಲಿ ಪಕ್ಕದವರ ಜೊತೆ ಮಾತಾಡುತ್ತಾ ಓಡಲು ಆಗುವಷ್ಟೇ ವೇಗ ಇರಲಿ.
- ಜ್ವರ ಇದ್ದಾಗ ಓಡಬೇಡಿ.
- ಎದೆ ಬಿಗಿತ, ಎದೆನೋವು, ಕೈ ಅಥವಾ ದವಡೆಗೆ ಹರಡುವ ನೋವು, ತಲೆಸುತ್ತು, ತಣ್ಣನೆಯ ಬೆವರು ಕಂಡರೆ ತಕ್ಷಣ ನಿಲ್ಲಿ. “ಗ್ಯಾಸ್ ಇರಬೇಕು” ಎಂದು ಮುಂದುವರಿಯಬೇಡಿ. 108ಕ್ಕೆ ಕರೆ ಮಾಡಿ.
- ಯಾರಾದರೂ ಕುಸಿದು ಪ್ರಜ್ಞೆ ತಪ್ಪಿ, ಸರಿಯಾಗಿ ಉಸಿರಾಡದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ. ಗುಂಪಿನಲ್ಲಿ ಇಬ್ಬರು ಮೂವರಾದರೂ ಇದನ್ನು ಕಲಿತಿರಲಿ.

ಪುನೀತ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಶುರು ಮಾಡಿದೆ. ಯೋಜನೆಯಲ್ಲಿ ಸೇರಿರುವ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಎಂದು ಮೊದಲೇ ತಿಳಿದುಕೊಂಡಿರಿ.

ಕೊನೆಗೆ ಬರುವ ಭಯ

2022ರ ಅಂಕಿಅಂಶ ಆಧರಿಸಿದ ಒಂದು ಜಾಗತಿಕ ಅಧ್ಯಯನದ ಪ್ರಕಾರ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಸಾಕಷ್ಟು ದೈಹಿಕ ಚಟುವಟಿಕೆ ಮಾಡುವುದಿಲ್ಲ. ಪುರುಷರಲ್ಲಿ ಇದು ಶೇ. 42, ಮಹಿಳೆಯರಲ್ಲಿ ಶೇ. 57. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಮಟ್ಟದ ಚಟುವಟಿಕೆ. ಅಂದರೆ ದಿನಕ್ಕೆ ಅರ್ಧ ಗಂಟೆಯ ಬಿರುಸಿನ ನಡಿಗೆ, ವಾರಕ್ಕೆ ಐದು ದಿನ.

ಜನ ಹೊರಗೆ ಬರದಿರಲು ಕಾರಣಗಳು ಹಲವು. ಮನೆಗೆಲಸ, ಸಮಯವಿಲ್ಲದಿರುವುದು, ಸುರಕ್ಷಿತ ಜಾಗವಿಲ್ಲದಿರುವುದು. ಅವುಗಳ ಜೊತೆ “ಎಲ್ಲರೆದುರು ಕೊನೆಗೆ ಬಂದರೆ ಏನಂದುಕೊಳ್ಳುತ್ತಾರೋ” ಎಂಬ ಸಂಕೋಚವೂ ಒಂದು. ಮೊದಲ ಎರಡು ಮೂರನ್ನು ಯಾವ ಓಟದ ಗುಂಪೂ ಪೂರ್ತಿ ಬಗೆಹರಿಸಲಾರದು. ಕೊನೆಯದನ್ನು ಬಗೆಹರಿಸಲು ಒಂದು ಕಾಗದ, ಒಂದು ಪೆನ್ನು, ಒಂದು ಗಡಿಯಾರ ಸಾಕು.

ಚಿಕ್ಕಂದಿನಲ್ಲಿ ಮುಟ್ಟಾಟಕ್ಕೆ ಪುಟ್ಟ ತಮ್ಮನನ್ನೋ ತಂಗಿಯನ್ನೋ ಸೇರಿಸಿಕೊಳ್ಳುವಾಗ ದೊಡ್ಡ ಮಕ್ಕಳು “ಇವನು ಆಟಕ್ಕುಂಟು ಲೆಕ್ಕಕ್ಕಿಲ್ಲ” ಎನ್ನುತ್ತಿದ್ದರು. ಔಟಾದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ದೊಡ್ಡವರಾದ ಮೇಲೆ ನಡೆಯುವ ಎಷ್ಟೋ ಓಟಗಳಲ್ಲಿ ಹೊಸಬರು, ಹಿರಿಯರು, ಗೃಹಿಣಿಯರ ಸ್ಥಿತಿ ಇದೇ. ಟೀ ಶರ್ಟ್ ಸಿಗುತ್ತದೆ, ಫೋಟೋ ಸಿಗುತ್ತದೆ, ಆದರೆ ಪಂದ್ಯ ಅವರದ್ದಲ್ಲ. ಹ್ಯಾಂಡಿಕ್ಯಾಪ್ ಓಟ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅವರಿಗೆ ಕೊಡುವ ಮುಂಗಡ ಬಿಟ್ಟಿ ಬಹುಮಾನವಲ್ಲ. ಅವರೂ ಬೆವರು ಸುರಿಸಿಯೇ ಗೆಲ್ಲಬೇಕು, ಅವರ ಹಿಂದೆ ಬರುವವರೂ ಬೆವರು ಸುರಿಸಿಯೇ ಅವರನ್ನು ಹಿಡಿಯಬೇಕು.

ಫಾರ್ವರ್ಡ್ ಮಾಡುವ ಮುನ್ನ

- “ಹ್ಯಾಂಡಿಕ್ಯಾಪ್ ಪದ ಭಿಕ್ಷೆಯಿಂದ ಬಂತು”: ಸುಳ್ಳು. ಅದು ಬಂದದ್ದು ವಿನಿಮಯದ ಆಟದಿಂದ.
- “ಹ್ಯಾಂಡಿಕ್ಯಾಪ್ ಓಟ ಅಂಗವಿಕಲರಿಗೆ ಮಾತ್ರ”: ಸುಳ್ಳು. ಅದು ಎಲ್ಲರಿಗೂ.
- “ನಿಧಾನದವರನ್ನು ಗೆಲ್ಲಿಸಲು ಮಾಡಿದ ಉಪಾಯ”: ಸುಳ್ಳು. ತನ್ನ ಹಿಂದಿನ ಸಮಯಕ್ಕಿಂತ ಹೆಚ್ಚು ಸುಧಾರಿಸಿದವರು ಗೆಲ್ಲುತ್ತಾರೆ. ಲೆಕ್ಕ ಸ್ವಲ್ಪ ನಿಧಾನದವರ ಕಡೆ ವಾಲುವುದು ನಿಜ, ಅದನ್ನು ಸರಿಪಡಿಸಬಹುದು.
- “ಮುಂಗಡ ಸಿಕ್ಕರೆ ಅಪಾಯವಿಲ್ಲ”: ಸುಳ್ಳು. ದೇಹದ ಎಚ್ಚರಿಕೆ ಕೇಳಲೇಬೇಕು.
- “ಓಡಿದರೆ ಹೃದಯಾಘಾತ”: ಅರ್ಧಸತ್ಯ. ಅಪಾಯ ಬಹಳ ಕಡಿಮೆ. ಕೂತೇ ಇರುವುದು ಅದಕ್ಕಿಂತ ಅಪಾಯ.

ಟೋಪಿ ಹಿಡಿದ ಸೈನಿಕರ ಕಥೆ ಮತ್ತೆ ನಿಮ್ಮ ಮೊಬೈಲ್‌ಗೆ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಕಳಿಸಿದವರನ್ನೇ ಮುಂದಿನ ಭಾನುವಾರ ಓಟಕ್ಕೆ ಕರೆಯಿರಿ. ಎಷ್ಟು ನಿಮಿಷದ ಮುಂಗಡ ಬೇಕು ಎಂದು ಕೇಳಿ.